ಬಂಗುಡೆ ಬಿಟ್ಟ ಮನೆ

ಫ್ಲೆಕ್ಸ್ ಹಾಕುವುದರಲ್ಲಿ ನಮ್ಮೂರಿನವರು ಯಾರಿಗೂ ಕಡಿಮೆಯಿಲ್ಲ. ಕಬಡ್ಡಿಯಲ್ಲಿ ಗೆದ್ದರೆ ಫ್ಲೆಕ್ಸ್, ಸೋತರೂ ‘ಉತ್ತಮ ಪ್ರದರ್ಶನ’ ಎಂದು ಫ್ಲೆಕ್ಸ್. ಹಾಗಾಗಿ ನನ್ನ ಸಂಶೋಧನೆಯ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದದ್ದೇ ತಡ, ನನ್ನ ಸೋದರಮಾವನ ಮಗ ವಿಶಾಲ್ ಬೈಂದೂರಿನ ಬಸ್ ನಿಲ್ದಾಣದ ಎದುರು ನನ್ನ ಮುಖವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಕಟ್ಟಿಸಿಬಿಟ್ಟ. ಕೆಳಗೆ ಕೆಂಪಕ್ಷರ: ‘ಮಿದುಳಿನ ಗೆಡ್ಡೆ ಬೆಳೆಸುವ ಪ್ರೋಟೀನ್ ಕಂಡುಹಿಡಿದ ನಮ್ಮೂರ ಹೆಮ್ಮೆ ಮೋಕ್ಷಿತಾಳಿಗೆ ಅಭಿನಂದನೆಗಳು.’ ನಾಚಿಕೆಯಾಯಿತು ಅಂದರೆ ಸುಳ್ಳಾಗುತ್ತದೆ. ಖುಷಿಯಾಯಿತು, ದಾಟಿ ಹೋದವಳು ತಿರುಗಿ ಬಂದು ಇನ್ನೊಮ್ಮೆ ನೋಡಿದೆ.

ಆದರೆ ಅಂಥದೇ ಒಂದು ಗೆಡ್ಡೆ ವಿಶಾಲನ ಅಪ್ಪ, ನನ್ನ ಸೋಮ ಮಾವನ ತಲೆಯೊಳಗೂ ಇತ್ತು. ನಾನು ಲ್ಯಾಬಿಗೆ ಸೇರಿ ಎಷ್ಟೋ ವರ್ಷಗಳ ನಂತರ, ಹುಡುಕಿಕೊಂಡು ಬಂದ ಹಾಗೆ ಅದು ನಮ್ಮ ಮನೆಗೇ ಬಂತು. ಮಾವ ದೋಣಿಯ ಮುಂತುದಿಯಲ್ಲಿ ನಿಂತು ಮೀನಿನ ಹಿಂಡು ಗುರುತಿಸಿ ಕೂಗುವವನು. ಅವನ “ಹ್ವಾಯ್” ಕೇಳಿದರೆ ಪಕ್ಕದ ದೋಣಿಯವರೂ ಬಲೆಗೆ ಕೈಹಾಕುತ್ತಿದ್ದರು. ಗೆಡ್ಡೆ ಕೂತದ್ದು ಮಾತು ಹುಟ್ಟುವ ಜಾಗದ ಪಕ್ಕದಲ್ಲಿ. ಒಂದೊಂದೇ ಪದ ಹೋಗಿ ಕೊನೆಗೆ ಉಳಿದದ್ದು ಆ “ಹ್ವಾಯ್” ಮಾತ್ರ. ಹಸಿವಿಗೂ ಅದೇ, ನೋವಿಗೂ ಅದೇ.

ಶಸ್ತ್ರಚಿಕಿತ್ಸೆ ಮಾಡಿದರೆ ಮಾತು ಮರಳಬಹುದು ಎಂದಿದ್ದರು ಡಾಕ್ಟರ್ ರವಿರಾಜ್. ತೆಗೆದ ಗೆಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದಾಗ ಮಾವ ಜೋರಾಗಿ ಹ್ವಾಯ್ ಅಂದು ತಲೆಯಾಡಿಸಿದ್ದ. ನನಗೂ ಅಂಥ ಹಸಿ ಚೂರುಗಳೇ ಬೇಕಿದ್ದವು. ನಾನು ಹಿಡಿದ ಪ್ರೋಟೀನನ್ನು ತಡೆದರೆ ಗೆಡ್ಡೆಯ ಕೋಶಗಳು ಹರಿದು ಹಬ್ಬುವುದನ್ನೇ ಬಿಡುತ್ತವೆ ಎಂದು ನಾನು ತೋರಿಸಿದ್ದೆ. ಆದರೆ ಅವು ವರ್ಷಗಟ್ಟಲೆ ಬಾಟಲಿಯಲ್ಲಿ ಸಾಕಿದ ಕೋಶಗಳು. “ಬಾಟಲಿಯದ್ದು ಬೇರೆ, ಮನುಷ್ಯರದ್ದು ಬೇರೆ. ಪತ್ರಿಕೆಯವರು ನಂಬಲಿ, ನಾನು ಈಗಲೇ ನಂಬುವುದಿಲ್ಲ” ಎಂದಿದ್ದರು ನಮ್ಮ ಪ್ರೊಫೆಸರ್.

ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗೆ ವಿಶಾಲ್ ಮತ್ತು ಅವನ ಅಮ್ಮ ಬಾಗಿ ಅತ್ತೆ ಮಾವನನ್ನು ನಮ್ಮ ಲ್ಯಾಬ್ ಇರುವ ಆಸ್ಪತ್ರೆಗೆ ಕರೆತಂದರು. ಕಾರಿನಿಂದ ಇಳಿದವನ ಗುರುತೇ ಹತ್ತಲಿಲ್ಲ. ಅಂಗಿಯೊಳಗೆ ಮನುಷ್ಯನೇ ಇಲ್ಲ. ರಿಪೋರ್ಟ್ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. “ರಕ್ತದಲ್ಲಿ ಪ್ರೋಟೀನ್ ತುಂಬಾ ಕಡಿಮೆಯಾಗಿದೆ.”

ಬಾಗಿ ಅತ್ತೆ ಎರಡೂ ಕೈ ಮುಗಿದುಬಿಟ್ಟಳು. “ಅಮ್ಮಾ ಮೂಕಾಂಬಿಕೆ, ಕಾಪಾಡ್ದೆ!”

ಡಾಕ್ಟರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ.

“ಎಂತ ಅತ್ತೆ ಅದ್?”

“ಎಂತ ಅಂದ್ರೆ? ಗೆಡ್ಡಿ ಬೆಳ್ಸುದ್ ಪ್ರೋಟೀನ್ ಅಂದ್ ನಿನ್ ಫ್ಲೆಕ್ಸಂಗೇ ಇತ್ತಲ್ದಾ? ಪ್ರೋಟೀನ್ ಯಾವ್ದ್ರಗ್ ಇತ್ತ್ ಅಂದೇಳಿ ಅಂಗನವಾಡಿ ಗ್ವಾಡಿ ಮೇಲೆ ಪಟ ಹಾಕಿರ್. ಮೀನ್, ಮೊಟ್ಟಿ, ಬ್ಯಾಳಿ, ಹಾಲ್. ಎಲ್ಲ ನಿಲ್ಸ್‌ದೆ. ಬರೀ ಗಂಜಿ, ಉಪ್ಪಿನ್ಕಾಯಿ. ಅವ್ರ್ ಬಿಟ್ ಮೇಲೆ ನಮಗ್ ಎಂತಕ್? ಮನ್ಯಗ್ ಯಾರೂ ಮೀನ್ ಮುಟ್ಟುದಿಲ್ಲೆ.”

“ಹ್ವಾಯ್” ಅಂದ ಮಾವ, ಮೆಲ್ಲಗೆ, ನನ್ನನ್ನೇ ನೋಡುತ್ತ. ಪಾಪ, ಊಟದ ಹೊತ್ತಿಗೆಲ್ಲ ಹೀಗೇ ದೂರು ಹೇಳಿರಬೇಕು. ಯಾರಿಗೂ ಅರ್ಥವಾಗಿರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ. ಅತ್ತೆಗೆ ಬೈದೆ, ಫ್ಲೆಕ್ಸ್ ಬರೆಸಿದ ವಿಶಾಲನಿಗೆ ಬೈದೆ, ಅಲ್ಲಿಲ್ಲದ ಪತ್ರಿಕೆಯವನಿಗೂ ಬೈದೆ. ಡಾಕ್ಟರು ಮಾತ್ರ ತಣ್ಣಗೆ ಹೇಳಿದರು: “ಈ ಸ್ಥಿತಿಯಲ್ಲಿ ಗಾಯ ಮಾಯುವುದಿಲ್ಲ, ಕತ್ತಿ ಮುಟ್ಟಿಸಲಾರೆ. ಎರಡು ವಾರ ಕೊಡುತ್ತೇನೆ. ಗೆಡ್ಡೆ ನಮಗಾಗಿ ಕಾಯುವುದಿಲ್ಲ, ನೆನಪಿರಲಿ.”

ನಾನೂ ಅವರ ಕಾರು ಹತ್ತಿದೆ. ಅತ್ತೆ ಜಗ್ಗಿದಳೇ? ಸಾಸ್ತಾನದ ಟೋಲ್ ದಾಟಿ ಬೈಂದೂರು ಸೇರುವವರೆಗೂ ಒಂದೇ ಮಾತು: “ಡಾಕ್ಟ್ರ್ ಒಂದ್ ಹೇಳ್ತ್ರ್, ನೀನೊಂದ್ ಬರೀತೆ. ಯಾವ್ದ್ ನಂಬುದ್?” ವಿಶಾಲ್ ತಂದ ಬಂಗುಡೆ ಮೀನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಹಟವಲ್ಲ ಅದು, ಹೆದರಿಕೆ. ಗಂಡನ ಬಾಯಿಗೆ ತಾನೇ ವಿಷ ಇಟ್ಟರೆ ಎಂಬ ಹೆದರಿಕೆ. ಅದು ಗೊತ್ತಾದ ಮೇಲೆ ನನ್ನ ದನಿ ತಾನಾಗಿ ಇಳಿಯಿತು. ಹೊಸ್ತಿಲಲ್ಲೇ ಕೂತೆ.

“ಅತ್ತೆ, ಬಲಿಗ್ ಆ ಹೊಟ್ಟಿ ಉಬ್ಸು ಮೀನೂ ಬೀಳತ್ತಲ್ದಾ? ಅದ್ರಗೆ ವಿಷ ಇತ್ತ್. ಹಾಂಗಂದೇಳಿ ಬಂಗ್ಡಿ ಬಿಸಾಡ್ತ್ರಾ?”

“ಹುಚ್ಚಾ ನಿಂಗೆ? ಅದೇ ಬ್ಯಾರೆ, ಬಂಗ್ಡಿಯೇ ಬ್ಯಾರೆ.”

“ಎರಡೂ ಮೀನೇ ಅಲ್ದಾ?”

ಅತ್ತೆ ಹೊಸ್ತಿಲಾಚೆಯ ಬಂಗುಡೆಯತ್ತ ನೋಡಿದಳು.

“ಪ್ರೋಟೀನೂ ಹಾಂಗೇ. ಹೆಸ್ರ್ ಒಂದೇ, ಒಳ್ಗೆ ಸಾವ್ರಾರ್ ನಮೂನಿ. ನಾನ್ ಹಿಡ್ದದ್ ತಿಂಬುದ್ರಗ್ ಇಲ್ಲೆ, ಗೆಡ್ಡಿಯೇ ತನ್ನೊಳ್ಗೆ ಮಾಡ್ಕಂಬುದ್. ಮುಂದೆ ಒಂದ್ ಲಂಗ್ರ್ ಎಸಿತ್ತ್, ಹಗ್ಗ ಎಳ್ಕಂಡ್ ಮುಂದ್ ಹೋತ್ತ್, ಮತ್ತೆ ಎಸಿತ್ತ್. ಹಾಂಗೇ ಮಿದುಳೆಲ್ಲ ಹಬ್ಬುದ್. ನಾನ್ ಕಡೂಕೆ ಹೊರ್ಟದ್ ಆ ಹಗ್ಗ. ಮಾವನ್ ಬಟ್ಲಂಗಿಪ್ಪು ಮೀನಲ್ಲ.”

ಅತ್ತೆಗೆ ಅರ್ಥವಾಯಿತು. ಆಮೇಲೆ ಬಂದದ್ದು ಬೈಗುಳ. “ಹಾಂಗಾರೆ ಲಂಗ್ರ್ ಅಂದೇ ಬರೂಕಾಗಿತ್ತ್! ಪ್ರೋಟೀನ್ ಅಂದ್ ಎಂತಕ್ ಬರ್ದೆ, ಬುದ್ಧಿ ಇಲ್ದಿದ್ದಳೆ? ಅವ್ರಿಗ್ ಉಪ್ಪಿನ್ಕಾಯಿ ತಿನ್ಸಿ ಕೊಂದ್ ಹಾಕ್ತಿದ್ನಲೆ!” ಹೇಳುತ್ತಲೇ ಅತ್ತುಬಿಟ್ಟಳು. ಅಳುತ್ತಲೇ ಮೀನು ಕೊಯ್ಯಲು ಕೂತಳು.

ಮಸಾಲೆ ಕುದಿಯತೊಡಗಿದಾಗ ಮಾವ ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದ. ಬಾಣಲೆ ಕಂಡದ್ದೇ “ಹ್ವಾಯ್!” ಅಂದ. ದೋಣಿಯ ಮೇಲಿನ ಅದೇ ಕೂಗು. ಪಕ್ಕದ ಮನೆಯ ಪದ್ದು ಏನಾಯಿತೆಂದು ಓಡಿ ಬಂದವಳು ಊಟ ಮಾಡಿಯೇ ಹೋದಳು.

ಎರಡು ವಾರ ಆ ಮನೆಯಲ್ಲಿ ನಡೆದದ್ದು ಊಟವಲ್ಲ, ಸಮಾರಾಧನೆ. ಬಂಗುಡೆ, ಕಾಣೆ ಮೀನು, ಮೊಟ್ಟೆ, ಹೆಸರುಕಾಳು. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ನಕ್ಕರು. “ಪ್ರೋಟೀನ್ ಚೆನ್ನಾಗಿ ಮೇಲೆ ಬಂದಿದೆ.” ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಇದ್ ಒಳ್ಳೇದಾ, ಲಂಗ್ರಾ?”

“ಒಳ್ಳೇದ್ ಅತ್ತೆ, ಬಂಗ್ಡಿದ್.”

ಶಸ್ತ್ರಚಿಕಿತ್ಸೆ ಆಯಿತು. ಕೆಲವು ದಿನ ಮಾವ ಬರೀ ಮಲಗಿದ್ದ. ಒಂದು ಮಧ್ಯಾಹ್ನ ನಾನು ವಾರ್ಡಿಗೆ ಹೋದಾಗ ಕಣ್ಣು ಬಿಟ್ಟು ನೋಡಿದ. “ಹ್ವಾಯ್” ಅಂದ. ಮತ್ತೆ ಅದೊಂದೇ, ಎಂದುಕೊಂಡೆ. ಆದರೆ ಅವನು ಬಾಯಿ ಮುಚ್ಚಿರಲಿಲ್ಲ, ತಡಕಾಡುತ್ತಿದ್ದ. “ಹ್ವಾಯ್... ಮೋಕ್ಷಿತಾ... ಬಂಗ್ಡಿ ತಂದ್ಯಾ?” ನಾನು ಅತ್ತದ್ದಕ್ಕೆ ನರ್ಸ್ ಹೆದರಿ ಓಡಿ ಬಂದಳು.

ಲ್ಯಾಬಿಗೆ ಬರುವ ಚೂರುಗಳ ಮೇಲೆ ಯಾರ ಹೆಸರೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ಬಂದವುಗಳಲ್ಲಿ ಮಾವನದ್ದು ಯಾವುದೋ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿಯೊಂದನ್ನೂ ಎರಡು ಪಾಲು ಮಾಡಿದೆ. ಸುಮ್ಮನೆ ಬಿಟ್ಟ ಪಾಲಿನ ಕೋಶಗಳು ನಾಲ್ಕೂ ದಿಕ್ಕಿಗೆ ಹರಿದು ಹೋದವು. ಪ್ರೋಟೀನ್ ತಡೆದ ಪಾಲಿನವು ಇದ್ದಲ್ಲೇ ಕೂತವು. ಒಂದು ಗೆಡ್ಡೆಯಲ್ಲಿ ಹಾಗಾದರೆ ಅದೃಷ್ಟ ಅನ್ನಬಹುದು, ಎಲ್ಲದರಲ್ಲೂ ಹಾಗೇ ಆಯಿತು. ಪ್ರೊಫೆಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ತಲೆ ಎತ್ತಲೇ ಇಲ್ಲ. ಕಡೆಗೆ ಒಂದೇ ಮಾತು: “ಈಗ ನಂಬುತ್ತೇನೆ.” ನಾನು ಮರ್ಯಾದೆ ಬಿಟ್ಟು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಹ್ವಾಯ್ ಎಂದು ಕೂಗಿದೆ. ಇದು ಔಷಧಿಯಾಗಿ ಅಂಗಡಿಗೆ ಬರಲು ಇನ್ನೂ ಬಹಳ ವರ್ಷ ಬೇಕು, ಬಾರದೆಯೂ ಇರಬಹುದು. ಆದರೆ ಹಗ್ಗ ಎಲ್ಲಿದೆಯೆಂದು ಈಗ ಗೊತ್ತು. ಅದನ್ನು ಕಡಿಯಬಹುದು ಎಂದೂ ಗೊತ್ತು.

ಸುದ್ದಿ ತಿಳಿದ ವಿಶಾಲ್ ಸುಮ್ಮನಿರುತ್ತಾನೆಯೇ? ಮತ್ತೆ ಫ್ಲೆಕ್ಸ್. ಈ ಸಲ ಬರೆಸಿದವಳು ಮಾತ್ರ ಅತ್ತೆ. ಚಿಕಿತ್ಸೆ ಇನ್ನೂ ಮುಗಿಯದ ಮಾವ ತಲೆಗೆ ಟೊಪ್ಪಿ ಹಾಕಿಕೊಂಡು ನೋಡಲು ಬಂದ. ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಒಂದೊಂದೇ ಪದವನ್ನು ಹಿಂಡಿನಿಂದ ಹೆಕ್ಕಿದ ಹಾಗೆ ಓದತೊಡಗಿದ.

“ಮಿದುಳಿನ... ಗೆಡ್ಡೆಯ... ಲಂಗರು... ಹಿಡಿದ... ನಮ್ಮ... ಮೋಕ್ಷಿತಾ.”

ಕೆಳಗೆ ಇನ್ನೊಂದು ಸಾಲಿತ್ತು. ಮಾವ ಉಸಿರು ತೆಗೆದುಕೊಂಡ. ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

“ವಿಶೇಷ... ಸೂಚನೆ. ಮೀನ್... ತಿಂಬುಕ್... ಅಡ್ಡಿಲ್ಲೆ!”

ಒಂದು ಪದವೂ ತಪ್ಪಲಿಲ್ಲ.