ನಲವತ್ತೊಂದನೇ ಪ್ರಶ್ನೆ

ಹಾಸನದ ಪರೀಕ್ಷಾ ಕೇಂದ್ರದಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿದ ಐದೇ ನಿಮಿಷಕ್ಕೆ ಪ್ರತಿಭಾ ಮತ್ತೆ ಮೊದಲ ಪುಟಕ್ಕೆ ತಿರುಗಿಸಿದಳು. ಸಂಖ್ಯಾಶಾಸ್ತ್ರ ನಿರೀಕ್ಷಕರ ಹುದ್ದೆಯ ಪರೀಕ್ಷೆ ಅದು. ಹಳೇ ಪತ್ರಿಕೆಗಳನ್ನೆಲ್ಲ ಅರೆದು ಕುಡಿದಿದ್ದಳು. ಸರಾಸರಿ, ಮಧ್ಯಾಂಕ, ಸೂಚ್ಯಂಕ ಎಲ್ಲಾ ನಾಲಗೆ ತುದಿಯಲ್ಲಿ. ಇಲ್ಲಿ ನೋಡಿದರೆ ಅವು ಯಾವುವೂ ಇಲ್ಲ! ಪುಟ ತಿರುಗಿಸಿದಷ್ಟೂ ಗ್ರೀಕ್ ಅಕ್ಷರಗಳ ದಂಡು. ಪಕ್ಕದ ಬೆಂಚಿನವನು ಅರ್ಧ ಗಂಟೆಗೇ ಪೆನ್ನು ಮುಚ್ಚಿ ಗೋಡೆ ನೋಡುತ್ತ ಕೂತ.

ಅವಳು ಹಾಗೆ ಕೂರುವಂತಿರಲಿಲ್ಲ. ಬರುವ ತಿಂಗಳಿಗೆ ವಯಸ್ಸಿನ ಮಿತಿ ದಾಟುತ್ತದೆ, ಆಮೇಲೆ ಅರ್ಜಿಯನ್ನೇ ಹಾಕುವಂತಿಲ್ಲ.

ನಲವತ್ತೊಂದನೇ ಪ್ರಶ್ನೆಗೆ ಬಂದಾಗ ಹೋದ ಜೀವ ಬಂದಂತಾಯಿತು. ಬೆಳೆ ಕಟಾವು ಪ್ರಯೋಗ! ಒಂದು ಹೊಲದಲ್ಲಿ ಐದು ಮೀಟರ್ ಚೌಕ ಗುರುತು ಮಾಡಿ, ಅಷ್ಟನ್ನೇ ಕೊಯ್ದು ತೂಗಿ, ಊರಿನ ಇಳುವರಿ ಅಂದಾಜು ಮಾಡುವ ಕೆಲಸ. ಕೊಣನೂರು ಸುತ್ತ ಏಳು ವರ್ಷ ದಿನಗೂಲಿ ಮೇಲೆ ಅವಳು ಮಾಡಿದ್ದೇ ಅದು. ಅದರ ಮೇಲೇ ಐದು ಪ್ರಶ್ನೆ. ಚೌಕದ ಜಾಗ ಹುಡುಕಲು ಹೊಲದ ಯಾವ ಮೂಲೆಯಿಂದ ಹೆಜ್ಜೆ ಎಣಿಸಬೇಕು? ಯೋಚಿಸಲೇ ಇಲ್ಲ, ಈಶಾನ್ಯ ಎಂದು ಉತ್ತರ ಹಾಳೆಯ ವೃತ್ತ ತುಂಬಿದಳು. ಮುಂದಿನ ನಾಲ್ಕೂ ಲೆಕ್ಕಗಳನ್ನು ಆ ಮೂಲೆಯಿಂದಲೇ ಹಿಡಿದು ಮಾಡಿದಳು.

ಹೊರಗೆ ಬೇವಿನ ಮರದ ಕೆಳಗೆ ಚನ್ನರಾಯಪಟ್ಟಣದ ಧನ್ಯಾ ಸಿಕ್ಕಳು, ಅವಳದು ಇದು ಮೊದಲನೇ ಪರೀಕ್ಷೆ.

"ಅಕ್ಕ, ಪೇಪರ್ ಮಾಡಿದೋನ್ ಕೈಗೆ ಆವು ಕಚ್ಚ! ನಂಗೆ ಬಂದಿದ್ದೇ ಆ ಹೊಲದ್ದು ಐದು. ನೈಋತ್ಯ ಮೂಲೆ ತಾನೆ? ಪುಸ್ತಕದಲ್ಲಿ ಅಂಗೇ ಐತೆ."

ಪುಸ್ತಕದಲ್ಲಿ ಹಾಗೇ ಇತ್ತು. ಪ್ರತಿಭಾ ಏಳು ವರ್ಷದ ಹಿಂದೆ ಓದಿದ್ದಳು. ಮೊದಲನೇ ದಿನವೇ ರಾಗಿ ಹೊಲದ ಕೆಂಪಣ್ಣ ಅಡ್ಡ ನಿಂತಿದ್ದ: "ಆ ಮೂಲೆಗೆ ಮೊದ್ಲು ಕಾಲಿಡಬ್ಯಾಡ ಕಣವ್ವ. ಈಶಾನ್ಯದಾಗೆ ಪೂಜೆ ಮಾಡಿವ್ನಿ, ಅಲ್ಲಿಂದ್ಲೇ ಸುರು ಮಾಡು. ರಾಗಿ ಎಲ್ಲಿ ಕೊಯ್ದ್ರೂ ರಾಗಿನೇಯಾ." ಬೆಳೆದವನ ಮನಸ್ಸು ಯಾಕೆ ನೋಯಿಸಬೇಕು ಎಂದು ಒಪ್ಪಿದಳು. ಮಾರನೇ ದಿನ ಇನ್ನೊಬ್ಬ ಅದನ್ನೇ ಕೇಳಿದ. ಕ್ರಮೇಣ ಯಾರೂ ಕೇಳದೆಯೇ ಅವಳ ಕಾಲು ತಾನಾಗಿ ಈಶಾನ್ಯಕ್ಕೆ ನಡೆಯುತ್ತಿತ್ತು. ಹಗಲು ಕಂಡ ಬಾವಿಗೆ ಹಗಲಲ್ಲೇ ಬಿದ್ದಿದ್ದಳು.

ಅರಕಲಗೂಡಿನಲ್ಲಿ ಬಸ್ಸಿಳಿದಳು. ಚಂದ್ರಶೇಖರಯ್ಯನವರ ಮನೆ ದಾಟಿ ಹೋಗಲು ಮನಸ್ಸು ಬರಲಿಲ್ಲ. ನಿವೃತ್ತ ಸಂಖ್ಯಾಶಾಸ್ತ್ರ ಅಧಿಕಾರಿ, ಎರಡು ವರ್ಷ ಪ್ರತಿ ಭಾನುವಾರ ಬಿಡಿಗಾಸು ಮುಟ್ಟದೆ ಪಾಠ ಹೇಳಿದವರು. ಬಾಗಿಲಲ್ಲೇ ಕಾಯುತ್ತಿದ್ದರು.

"ಏನವ್ವ, ಇನ್ಸ್‌ಪೆಕ್ಟ್ರಮ್ಮ! ಎಂಗಾಯ್ತು?"

"ಕಷ್ಟ ಇತ್ತು ಸಾ."

"ತಾ ಇಲ್ಲಿ." ಪತ್ರಿಕೆ ಕಿತ್ತುಕೊಂಡು ಪೆನ್ಸಿಲ್ ಹಿಡಿದು ಕೂತರು. ಮೊದಲನೆಯದು ಬಿಟ್ಟರು. ಎರಡನೆಯದನ್ನು ಅರ್ಧ ಬರೆದು ಅಳಿಸಿದರು. ಕನ್ನಡಕ ಒರೆಸಿಕೊಂಡರು. ಮುಂದಿನ ಪುಟ, ಅದರ ಮುಂದಿನ ಪುಟ. ಪ್ರತಿಭಾಳಿಗೆ ನೋಡಲಾಗಲಿಲ್ಲ. ತನಗೆ ಬಾರದ್ದಕ್ಕಿಂತ ಅವರಿಗೆ ಬಾರದಿದ್ದದ್ದು ಹೆಚ್ಚು ಸಂಕಟವಾಯಿತು.

"ಇದ್ಯಾವ್ದೋ ಹೊಸ್ದು ಕಣವ್ವ," ಎಂದರು ಮೆಲ್ಲಗೆ. ಆಮೇಲೆ ಮುಖ ಅರಳಿತು. "ಆ! ನಲವತ್ತೊಂದು ನಿಂದೇ ಅಲ್ವಾ? ಅದ್ಕೇ ನಾನು ಆ ಪಾಠನೇ ಮಾಡ್ಲಿಲ್ಲ. ಏಳು ವರ್ಷ ಹೊಲ ತುಳಿದೋಳ್ಗೆ ನಾನೇನ್ ಹೇಳ್ಕೊಡಾದು ಅಂತ."

"ಈಶಾನ್ಯ ಅಂತ ಆಕ್ಬುಟ್ಟೆ ಸಾ. ಐದೂ ಓಯ್ತು."

ಪೆನ್ಸಿಲ್ ನಿಂತಿತು. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಂದ್ ಭಾನುವಾರ ಕೇಳ್ಬೇಕಿತ್ತು ನಾನು," ಎಂದರು. "ಮುಂದಿನ ಸಲ..." ಎಂದವರು ಅವಳ ಮುಖ ನೋಡಿ ಬಾಯಿ ಮುಚ್ಚಿದರು.

ಶಾಂತಕುಮಾರಮ್ಮ ಒಳಗಿನಿಂದ ಉಪ್ಪಿಟ್ಟಿನ ತಟ್ಟೆ ತಂದು ಗಂಡನ ಮೇಲೆ ರೇಗಿದರು. "ಬೆಳಗ್ನಿಂದ ಉಪವಾಸ ಬಂದೈತೆ ಮಗು, ನೀವು ಪೇಪರ್ ಇಡ್ಕಂಡು ಕೂತಿದ್ದೀರಲ್ಲ! ತಿನ್ನವ್ವ."

ಪ್ರತಿಭಾ ಒಂದು ತುತ್ತು ಬಾಯಿಗಿಟ್ಟಳು. ಬೆಳಗಿನಿಂದ ಹಿಡಿದಿಟ್ಟಿದ್ದ ಅಳು ತಟ್ಟೆಯ ಮೇಲೇ ಒಡೆಯಿತು. ಮೇಷ್ಟ್ರು ಎದ್ದು ಬಂದು, ಏನು ಮಾಡಬೇಕೆಂದು ತೋಚದೆ, ಅವಳ ಪಕ್ಕದಲ್ಲಿ ಸುಮ್ಮನೆ ನೆಲದ ಮೇಲೆ ಕೂತುಬಿಟ್ಟರು.