ಹುಲೆಪ್ಪ ಬಾಯಿ ಬಿಡಲಿಲ್ಲ

ಜನ್ಮವೆಲ್ಲ ಗೊಬ್ಬೂರಿನ ಜೋಳದ ಹೊಲಗಳಲ್ಲಿ ಹಕ್ಕಿ ಓಡಿಸಿದವನನ್ನು ಹಕ್ಕಿ ನೋಡಲು ಕರಕೊಂಡು ಬಂದರೆ ಇನ್ನೇನಾದೀತು? ಆದರೆ ಹುಲೆಪ್ಪನ ಮಗಳು ಪಂಚಶೀಲಾ ಕೇಳಬೇಕಲ್ಲ. ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಷಿಧಾಮದಲ್ಲಿ ಅವಳು ಗೈಡ್ ಆಗಿದ್ದಳು. ಅವತ್ತು ಅವಳ ಕೆಲಸ ನೋಡಲು ದೊಡ್ಡ ಸಾಹೇಬರೇ ಬಂದಿದ್ದರು. ಅವರು ಹೂಂ ಅಂದರೆ ನೌಕರಿ ಖಾಯಂ, ಊಹೂಂ ಅಂದರೆ ಗಂಟುಮೂಟೆ ಕಟ್ಟಬೇಕು. ಅಂಥ ದಿನ ಅಪ್ಪ ಜೊತೆಗಿರಲೇಬೇಕೆಂದು ಅವಳ ಹಟ.

“ಅಪ್ಪಾ, ಕೈ ಮುಗೀತೇನಿ. ಹಕ್ಕಿ ಇಳಿದ್ರ ಒದರಬ್ಯಾಡ.”

“ಹುಚ್ಚೀ, ಬಾಯಿಗಿ ಬೀಗ ಹಾಕ್ಕೊಂಡೇ ಬಂದೇನಿ.”

ಚಿಕ್ಕಂದಿನಲ್ಲಿ ಅವಳೂ ಹೊಲ ಕಾಯುವ ಮಂಚಿಕೆ ಹತ್ತಿ ಅವನ ಪಕ್ಕ ಕೂರುತ್ತಿದ್ದಳು. ಅವನು ಕವಣೆ ಬೀಸುವುದು, ಅವಳು ಕೂಗುವುದು. ಓಡಿಸಿದ ಹಕ್ಕಿಗಳೇ ಈಗ ಮಗಳಿಗೆ ಅನ್ನ ಹಾಕುತ್ತಿವೆ ಎಂದು ನೆನೆದರೆ ಹುಲೆಪ್ಪನಿಗೆ ಎದೆ ತುಂಬಿ ಬರುತ್ತಿತ್ತು.

ನೀರು ಇಳಿದು ಕೆಸರು ಬಯಲಾಯಿತು. ಸಾಹೇಬರು ದುರ್ಬೀನು ಹಿಡಿದರು. ಚಳಿದೇಶದಿಂದ ವಲಸೆ ಬಂದ ಗೊರವ ಹಕ್ಕಿಗಳು, ಉದ್ದ ಕೊಕ್ಕು, ಕಡ್ಡಿ ಕಾಲು, ಹಿಂಡು ಎಂದರೆ ಎಂಥ ಹಿಂಡು, ಒಮ್ಮೆಲೇ ಇಳಿದು ಕುಕ್ಕತೊಡಗಿದವು. ಹುಲೆಪ್ಪನಿಗೆ ಕೆಸರು ಕಾಣಲಿಲ್ಲ, ಹಾಲುಗಾಳು ತುಂಬಿದ ಜೋಳದ ತೆನೆ ಕಂಡಿತು. ಕೂಗು ಗಂಟಲಿಗೆ ಬಂತು. ಹಲ್ಲು ಕಚ್ಚಿ ನುಂಗಿದ. ಗೆದ್ದೆ ಅಂದುಕೊಂಡ. ಬೀಗ ಬಿದ್ದದ್ದು ಬಾಯಿಗೆ ಮಾತ್ರ, ಕೈಗೆ ಯಾರೂ ಏನೂ ಹೇಳಿರಲಿಲ್ಲ. ಹೆಗಲ ಮೇಲಿದ್ದ ಟವೆಲ್ಲು ಅದ್ಯಾವಾಗ ಕೈಗೆ ಬಂತೋ, ಕವಣೆಯ ಹಾಗೆ ತಲೆಯ ಮೇಲೆ ಗಿರ್ರನೆ ತಿರುಗಿತು.

“ಹೋಯ್! ಹೋಯ್! ಹೋ!”

ಕೂಗಿದ್ದು ಹುಲೆಪ್ಪನಲ್ಲ, ಗೈಡಮ್ಮ. ಅಪ್ಪನ ಕೈ ತಿರುಗಿದ್ದೇ ತಡ, ಅವಳ ಬಾಯಿ ತಾನಾಗಿ ತೆರೆದಿತ್ತು. ಹಿಂಡಿಗೆ ಹಿಂಡೇ ಭರ್ರೆಂದು ಹಾರಿತು.

“ಯಾರದು ಕೂಗಿದ್ದು?” ಸಾಹೇಬರು ಗದರಿದರು.

“ನಾನ್ರೀ,” ಹುಲೆಪ್ಪ ಎದ್ದು ನಿಂತ.

“ಹೆಣ್ಣುದನಿ ಕೇಳಿಸಿತಲ್ಲ?”

“ಅಂಜಿದ್ರ ನನ್ನ ದನಿ ಹಂಗಾಗ್ತದ್ರೀ.”

“ಇಲ್ಲ ಸರ್, ಕೂಗಿದ್ದು ನಾನು,” ಅಂದಳು ಪಂಚಶೀಲಾ, ಅಳುವುದೊಂದು ಬಾಕಿ. “ಜೋಳದ ಹೊಲದಾಗ ಬೆಳೆದಾಕಿ ನಾ. ಅಪ್ಪ ಕೈ ಎತ್ತಿದ್ರ ನನಗ ತಡಕೊಳ್ಳಾಕ ಆಗಂಗಿಲ್ರಿ.”

ಸಾಹೇಬರು ಗಂಟಿಕ್ಕಿದ ಮುಖವನ್ನು ಬಹಳ ಹೊತ್ತು ಹಿಡಿದಿಡಲಾಗದೆ ನಕ್ಕುಬಿಟ್ಟರು.

“ಬೆಳಿಗ್ಗೆಯಿಂದ ಚೆನ್ನಾಗೇ ತೋರಿಸಿದ್ದೀರಿ. ಕೆಲಸ ಖಾಯಂ ಅಂದುಕೊಳ್ಳಿ. ಒಂದೇ ಷರತ್ತು, ನಿಮ್ಮ ತಂದೆಯವರು ಊರಲ್ಲೇ ಇರಲಿ.”

ಹುಲೆಪ್ಪನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಹಿಂಡು ಒಂದು ಸುತ್ತು ಹೊಡೆದು ಮತ್ತೆ ಕೆಸರಿಗಿಳಿಯಿತು. ಅವನು ಗಡಿಬಿಡಿಯಿಂದ ಎರಡೂ ಕೈ ಕುಂಡೆಯ ಕೆಳಗಿಟ್ಟುಕೊಂಡು ಕುಳಿತ. ಪಂಚಶೀಲಾ ಅಪ್ಪನ ಟವೆಲ್ಲು ಕಿತ್ತುಕೊಂಡು ತನ್ನ ಬಾಯಿಗೆ ತುರುಕಿಕೊಂಡಳು.