ತಂಬಿಯ ಟ್ರ್ಯಾಕ್ಟರಿಗೆ ಎಷ್ಟು ಬಣ್ಣ

“ಬದಿಗೆ ತಾಗಿಸ್ಬೇಡಿ, ಪೇಂಟ್ ಹೋಗ್ತದೆ.”

ಶವಪೆಟ್ಟಿಗೆಯನ್ನು ಟ್ರೈಲರಿಗೆ ಏರಿಸುತ್ತಿದ್ದವರು ಕೈ ತಡೆದು ನಿಂತರು. ಒಳಗಿದ್ದದ್ದು ತನ್ನ ಅಪ್ಪ ತಂಬಿ ಎಂಬುದು ಷೈಜುವಿಗೆ ಮಾತು ಬಾಯಿಂದ ಬಿದ್ದ ಮೇಲೆ ನೆನಪಾಯಿತು. ತಾಯಿ ಬ್ರಿಜಿತ್ ಬೇರೆ ಕಡೆ ನೋಡಿದರು.

ಗುಡ್ಡದ ಮೇಲಿನ ಇಗರ್ಜಿಯ ರಸ್ತೆಯನ್ನು ಪೈಪಿಗಾಗಿ ಅಗೆದಿದ್ದರು; ಕಡಬದಿಂದ ಬಂದ ಶವವಾಹನ ಕೆಳಗೇ ಉಳಿಯಿತು. ತಂಬಿ ಗುಜರಿಯಿಂದ ತಂದು ಜೀವ ಕೊಟ್ಟ ಟ್ರ್ಯಾಕ್ಟರೇ ಈಗ ಜೀವವಿಲ್ಲದ ತಂಬಿಯನ್ನು ಹೊರಬೇಕಿತ್ತು.

*

ಅದಕ್ಕೆ ಜೀವ ಬಂದ ಮೇಲೆ ಬಣ್ಣದ ಚರ್ಚೆ ಬಂದಿತ್ತು. ತುಕ್ಕು ಹಿಡಿಯುವಲ್ಲಿ ಮಾತ್ರ ಬಳಿದರೆ ಸಾಕೆಂದು ತಂಬಿ. ಹಾಗೆ ಬಳಿದರೆ ಕಜ್ಜಿ ಹತ್ತಿದ ಎಮ್ಮೆಯಂತೆ ಕಾಣುತ್ತದೆಂದು ಮಗ.

“ಅದು ಗೊಬ್ಬರ ಹೊರುದಾ, ಮದುವೆಗೆ ಹೋಗುದಾ?” ಎಂದು ತಂಬಿ ನಕ್ಕಿದ್ದರು.

ಅವರು ಕಣ್ಣಿನ ಆಪರೇಶನ್ನಿಗೆ ಪುತ್ತೂರಿಗೆ ಹೋದಾಗ ಷೈಜು ಸ್ಪ್ರೇ ಗನ್ ತಂದು ಮೂತಿಯಿಂದ ಬಾಲದವರೆಗೆ ಕೆಂಪು ಹೊಡೆದ. ಯಾವುದನ್ನೂ ಬಿಚ್ಚಲಿಲ್ಲ, ಯಾವುದನ್ನೂ ಮುಚ್ಚಲಿಲ್ಲ. ಮರಳಿದ ತಂಬಿ ಕಪ್ಪು ಕನ್ನಡಕದಲ್ಲೇ ಒಂದು ಸುತ್ತು ಬಂದರು. ಮೂತಿಯ ಮುಂದೆ ತುಸು ಹೆಚ್ಚು ಹೊತ್ತು ನಿಂತರು.

“ಚೆಂದ ಉಂಟು ಮಗ,” ಎಂದರು.

*

ಅರ್ಧ ಏರಿನಲ್ಲಿ ಟ್ರ್ಯಾಕ್ಟರು ಬುಸ್ಸೆಂದು ಆವಿ ಉಗುಳಿ ನಿಂತಿತು. ಪಾದ್ರಿಗಳ ಪ್ರಾರ್ಥನೆಯೂ ನಿಂತಿತು. ಷೈಜು ಬಾನೆಟ್ ಎತ್ತಿದ. ಗಾಳಿ ನುಸುಳಬೇಕಾದ ರೇಡಿಯೇಟರಿನ ಸಂದುಗಳಲ್ಲೆಲ್ಲ ಕೆಂಪು ಬಣ್ಣ ಗಟ್ಟಿಯಾಗಿ ಕೂತಿತ್ತು. ಒಂದು ಮೂಲೆಯಲ್ಲಿ ಮಾತ್ರ ಅದನ್ನು ಸೂಜಿಯಿಂದ ಒಂದೊಂದೇ ಸಂದಾಗಿ ಬಿಡಿಸಿದ್ದರು. ತಂಬಿಯೇ, ಆಪರೇಶನ್ ಆದ ಆ ಕಣ್ಣಿಟ್ಟುಕೊಂಡು.

“ತಂಬಿಯಣ್ಣ ಯಾವಾಗ್ಲೂ ಇಲ್ಲೇ ನಿಲ್ಸುದು,” ಎಂದರು ನೆರೆಯ ತೀರ್ಥರಾಮ. ಮತ್ತೆ ತಂಬಿಯದೇ ಮಲಯಾಳದ ರಾಗ ಎಳೆದರು: “‘ಗಾಡಿಗೆ ಎಂತದೂ ಇಲ್ಲ ಮಾರಾಯ, ನಂಗೇ ಸುಸ್ತು.’ ಹಾಗೆ ಹೇಳಿ ಕಲ್ಲಿನ ಮೇಲೆ ಕೂತುಬಿಡ್ತಿದ್ರು. ಗಾಡಿ ಮದುಮಗ, ಡ್ರೈವರ್ ಅಜ್ಜ ಅಂತ ನಾವು ತಮಾಷೆ ಮಾಡುದು.”

ಹಿಂದೆ ಒಂದಿಬ್ಬರು ನಕ್ಕರು. ಪಾಪ, ಕೊನೆಗೆ ಕೈಲಾಗುತ್ತಿರಲಿಲ್ಲ ಎಂದು ಯಾರೋ ಲೊಚಗುಟ್ಟಿದರು. ಕೈಲಾಗದಿದ್ದರೆ ಮನೆಯಲ್ಲಿ ಕೂತ್ಕೊಳ್ಳಿ ಎಂದು ಷೈಜುವೇ ಎಷ್ಟು ಸಲ ಗದರಿದ್ದ. ಆಗಲೂ ಅವರು ಸುಮ್ಮನೆ ಗಂಜಿ ಉಣ್ಣುತ್ತಿದ್ದರು.

ತೀರ್ಥರಾಮ ರೇಡಿಯೇಟರ್ ನೋಡಿದರು, ಷೈಜುವಿನ ಮುಖ ನೋಡಿದರು. ಬಾನೆಟ್ ಇಳಿಸಲು ಕೈ ಚಾಚಿದರು.

ಷೈಜು ತಡೆದ.

“ಅಪ್ಪಚ್ಚನಿಗೆ ಸುಸ್ತು ಇರ್ಲಿಲ್ಲ,” ಎಂದ. “ಗಾಡಿ ಕಾಯ್ತಿತ್ತು, ಅದು ತಣಿಲಿಕ್ಕೆ ಕೂರ್ತಿದ್ರು. ಇದು ನಾನು ಹೊಡೆದ ಪೇಂಟ್. ಎಲ್ಲರೂ ನೋಡಿ.”

ಬಾನೆಟನ್ನು ಕಳಚಿ, ಹೊಳೆಯುವ ಮೈ ಕೆಳಗಾಗಿ ಜಲ್ಲಿಯ ಮೇಲೆ ಮಲಗಿಸಿದ. ಮೊದಲು ಬ್ರಿಜಿತ್ ಬಂದು ಬಗ್ಗಿ ನೋಡಿದರು. ಆಮೇಲೆ ಉಳಿದವರು, ಒಬ್ಬರ ಹಿಂದೆ ಒಬ್ಬರು, ಹೆಣದ ಮುಖ ನೋಡಲು ಬಂದವರಂತೆ.